ಒಂದು ಹಬ್ಬ, ಎರಡು ಹೆಸರು

ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಪೂರ್ವಿಕರು ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕಹಬ್ಬದ ಹಿಂದಿನ ರಾತ್ರಿ ಯೆಹೂದಿ ಮನೆಗಳಲ್ಲಿ ಮೇಣದ ಬತ್ತಿ, ಹಕ್ಕಿಯ ಗರಿ, ಮರದ ಸೌಟು ಹಿಡಿದು ಮೂಲೆಮೂಲೆಯನ್ನೂ ತಡಕುತ್ತಾರೆ. ಹುಡುಕುವುದು ಹಬ್ಬದಲ್ಲಿ ಮನೆಯೊಳಗೆ ಇರಬಾರದ, ಹುಳಿ ಬಂದ ರೊಟ್ಟಿಯ ಚೂರನ್ನು. ಸಿಕ್ಕಿದ್ದನ್ನು ಮರುದಿನ ಬೆಳಿಗ್ಗೆ ಸುಟ್ಟುಬಿಡುತ್ತಾರೆ. ಹಬ್ಬದ ರೊಟ್ಟಿಯಾದರೋ, ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೆಂದಿರಬೇಕು. ಮಡಿಯನ್ನು ಕಂಡು ಬೆಳೆದವರಿಗೆ ಈ ಕಟ್ಟುನಿಟ್ಟು ತೀರಾ ಹೊಸದೆನಿಸದು.

ಈ ಹಬ್ಬವನ್ನು ಯೆಹೂದಿಗಳ ಧರ್ಮಗ್ರಂಥವಾದ ತೋರಾ ‘ಹುಳಿಯಿಲ್ಲದ ರೊಟ್ಟಿಯ ಹಬ್ಬ’ ಎನ್ನುತ್ತದೆ. ಜನರ ಬಾಯಲ್ಲಿ ಮಾತ್ರ ಅದು ಪೆಸಖ್, ಅಂದರೆ ದಾಟಿಹೋದದ್ದು. ಹೆಸರು ಎರಡೇಕೆ ಎಂಬ ಪ್ರಶ್ನೆಯನ್ನು ಎತ್ತಿಕೊಂಡವರು ಯೆಹೂದಿಗಳ ಭಕ್ತಿಪಂಥವಾದ ಹಸೀದಿ ಪಂಥದ ರಬ್ಬಿ, ಅಂದರೆ ಧರ್ಮಗುರು, ಲೇವಿ ಯಿತ್ಸ್‌ಹಾಕ್ (1740–1809). ಮೆಜೆರಿಚ್‌ನ ಹಸೀದಿ ಗುರು ದೋವ್ ಬೇರ್ ಅವರ ಶಿಷ್ಯರಾದ ಇವರು, ಪಂಥದ ವಿರೋಧಿಗಳ ಕಾಟಕ್ಕೆ ಪಿನ್ಸ್ಕ್ ತೊರೆದು, 1785ರಲ್ಲಿ ಇಂದಿನ ಉಕ್ರೇನಿನ ಬೆರ್ದಿಚೇವ್‌ಗೆ ಬಂದು ನೆಲೆಸಿದರು. 1798ರಲ್ಲಿ ಮೊದಲು ಅಚ್ಚಾದ ‘ಕೆದುಷತ್ ಲೇವಿ’ ಅವರ ತೋರಾ ವ್ಯಾಖ್ಯಾನ.

ಅವರ ಉತ್ತರ ಹೀಗಿದೆ. ಪೂರ್ವಿಕರು ಐಗುಪ್ತದಿಂದ ಹೊರಟಾಗ ಹಿಟ್ಟು ಹುಳಿಬರುವಷ್ಟು ಹೊತ್ತೂ ಕಾಯದೆ, ಬುತ್ತಿ ಕಟ್ಟಿಕೊಳ್ಳದೆ, ದೇವರ ಮಾತೊಂದನ್ನೇ ನಂಬಿ ಮರುಭೂಮಿಗೆ ನಡೆದರಲ್ಲ, ಆ ನಂಬಿಕೆಯನ್ನು ನೆನೆದು ದೇವರು ತನ್ನ ಜನರನ್ನು ಕೊಂಡಾಡುವ ಹೆಸರು ರೊಟ್ಟಿಯದು. ಐಗುಪ್ತದ ಚೊಚ್ಚಲ ಮಕ್ಕಳು ಸತ್ತ ರಾತ್ರಿ ತಮ್ಮ ಮನೆಗಳನ್ನು ದಾಟಿಹೋಗಿ ಉಳಿಸಿದ ದೇವರನ್ನು ಜನ ಕೊಂಡಾಡುವ ಹೆಸರು ಪೆಸಖ್. ಭಕ್ತ ದೇವರನ್ನು ಹೊಗಳುವುದು ಎಲ್ಲೆಡೆಯೂ ಉಂಟು. ದೇವರೂ ಭಕ್ತನನ್ನು ಹೊಗಳುತ್ತಾನೆಂಬುದನ್ನು ಬರಿಯ ಹಬ್ಬದ ಹೆಸರಿನಲ್ಲೇ ಕಂಡ ಈ ಕಣ್ಣು ನನಗೆ ಪಾಂಡಿತ್ಯಕ್ಕಿಂತ ದೊಡ್ಡದಾಗಿ ತೋರುತ್ತದೆ.

ಜನರ ಪರವಾಗಿ ದೇವರೊಡನೆ ವಾದಕ್ಕಿಳಿಯುವ ವಕೀಲರೆಂದೇ ಅವರು ಹೆಸರಾದವರು. ಹಸೀದಿಗಳು ಹೇಳಿಕೊಂಡು ಬಂದ ಕಥೆಯೊಂದಿದೆ. ಹಬ್ಬದ ದಿನ ರಬ್ಬಿ ತಮ್ಮ ಸೇವಕನನ್ನು ಕರೆದು, ಸುಂಕ ತಪ್ಪಿಸಿ ತಂದ ರೇಷ್ಮೆ ಸಿಕ್ಕೀತೇ ನೋಡೆಂದು ಪೇಟೆಗೆ ಅಟ್ಟಿದರಂತೆ. ವ್ಯಾಪಾರದ ಊರು, ಸ್ವಲ್ಪ ಹೊತ್ತಿನಲ್ಲೇ ಬೇಕಾದಷ್ಟು ಬಂತು. ಆಮೇಲೆ, ಎಷ್ಟು ಬೆಲೆಯಾದರೂ ಸರಿ, ಯೆಹೂದಿ ಮನೆಯಿಂದ ಹುಳಿರೊಟ್ಟಿಯ ಒಂದು ಚೂರು ತಾ ಎಂದರು. ಅವನು ಮನೆಮನೆ ತಿರುಗಿ ಬರಿಗೈಯಲ್ಲಿ ಮರಳಿದ. ಆಗ ರಬ್ಬಿ ಮುಖ ಮೇಲೆತ್ತಿದರು: “ಜಗದೊಡೆಯಾ, ರಷ್ಯದ ಝಾರ್ ದೊರೆಗೆ ಸೈನ್ಯವಿದೆ, ಗಡಿಗಾವಲಿದೆ, ಸೆರೆಮನೆಯಿದೆ; ಆದರೂ ಕಳ್ಳಮಾಲಿಗೆ ಬರವಿಲ್ಲ. ನೀನು ಒಬ್ಬ ಕಾವಲುಗಾರನನ್ನೂ ಇಟ್ಟಿಲ್ಲ, ಬೇಡವೆಂದು ಬರೆದೆ ಅಷ್ಟೆ. ನೋಡು, ಊರಿನಲ್ಲಿ ಒಂದು ಚೂರೂ ಇಲ್ಲ.”