ಹೆಸರು ಹಾಕದೆ ಬರೆದವರು ಹೇಡಿಗಳಾ?

18ನೇ ಶತಮಾನದ ಇಂಗ್ಲಿಷ್ ಕರಪತ್ರಗಳ ಮಾತು ತೆಗೆದರೆ ಸಾಕು, ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್ಕಾರವನ್ನು ಗೇಲಿ ಮಾಡಿದರು ಸರಿ, ಹೆಸರು ಹಾಕೋ ಧೈರ್ಯ ಇರಲಿಲ್ವಾ?"

ಹೆಸರು ಗೊತ್ತಾದರೆ ಏನಾಗುತ್ತಿತ್ತು ಅಂತ ಇಂಗ್ಲಿಷ್ ಲೇಖಕ ಡೇನಿಯಲ್ ಡಿಫೋನನ್ನು ನೋಡಿ. 1702ರಲ್ಲಿ ಇಂಗ್ಲೆಂಡಿನ ಅಧಿಕೃತ ಚರ್ಚಿನ ಕಟ್ಟಾ ಬೆಂಬಲಿಗನ ದನಿಯಲ್ಲಿ, ಆ ಚರ್ಚಿಗೆ ಸೇರದ ಭಿನ್ನಮತದ ಪ್ರಾಟೆಸ್ಟೆಂಟರನ್ನು ಹೊಸಕಿಹಾಕಿ ಎಂದು ಬರೆದ. ಅವನೇ ಭಿನ್ನಮತದವನು! ಕೆಲವರು ನಿಜವೆಂದೇ ನಂಬಿ ತಲೆದೂಗಿದರು. ಗುಟ್ಟು ರಟ್ಟಾದ ಮೇಲೆ 1703ರ ಜುಲೈನಲ್ಲಿ ಮೂರು ದಿನ ಲಂಡನ್ನಿನ ಬೀದಿಯಲ್ಲಿ ಕತ್ತು, ಕೈಗಳನ್ನು ಮರದ ಹಲಗೆಗೆ ಸಿಕ್ಕಿಸಿ ನಿಲ್ಲಿಸಿದರು.

ಆದರೆ ಭಯವೊಂದೇ ಕಾರಣ ಅಲ್ಲ. 1722ರಲ್ಲಿ ವಿಲಿಯಂ ವುಡ್ ಎಂಬ ಕಬ್ಬಿಣದ ಉದ್ಯಮಿಗೆ ಐರ್ಲೆಂಡಿಗೆ ತಾಮ್ರದ ಚಿಲ್ಲರೆ ಟಂಕಿಸುವ ಹಕ್ಕು ಸಿಕ್ಕಿತು. ಬ್ರಿಟನ್ನಿನ ದೊರೆಯ ಪ್ರೇಯಸಿಗೆ 10,000 ಪೌಂಡ್ ಕೊಟ್ಟು ಪಡೆದದ್ದು. ಐರ್ಲೆಂಡಿನವರನ್ನು ಯಾರೂ ಕೇಳಲಿಲ್ಲ. ಆಗ ಡಬ್ಲಿನ್ನಿನ ಡೀನ್ (ದೊಡ್ಡ ಚರ್ಚಿನ ಮುಖ್ಯ ಪಾದ್ರಿ) ಜೊನಾಥನ್ ಸ್ವಿಫ್ಟ್ ಜವಳಿ ಅಂಗಡಿಯವನ ವೇಷ ಹಾಕಿ, ಪತ್ರಗಳ ರೂಪದಲ್ಲಿ ಕರಪತ್ರ ಬರೆದ. ಪಾದ್ರಿ ಹೇಳಿದ್ದರೆ ಅದು ಉಪದೇಶ. ಅಂಗಡಿಯವನು ಹೇಳಿದರೆ ಲೆಕ್ಕ. ಈ ಬೆಲೆಯಿಲ್ಲದ ದುಡ್ಡು ಬಂದರೆ ಸಾಮಾನು ಕೊಳ್ಳಲು ಹೊರಟ ದೊಡ್ಡಮ್ಮಣ್ಣಿಯ ಹಿಂದೆ ಚಿಲ್ಲರೆ ತುಂಬಿದ ಗಾಡಿ ಬರಬೇಕು, ಒಬ್ಬ ಜಮೀನ್ದಾರನ ಆರು ತಿಂಗಳ ಗೇಣಿ ಹೊರಲು ಇನ್ನೂರಕ್ಕೂ ಹೆಚ್ಚು ಕುದುರೆ ಬೇಕು ಎಂದ. (ನಾಣ್ಯ ಅಷ್ಟೇನೂ ಕೆಟ್ಟದಿರಲಿಲ್ಲ. ನ್ಯೂಟನ್ ಮುಖ್ಯಸ್ಥನಾಗಿದ್ದ ಟಂಕಸಾಲೆಯೇ ಪರೀಕ್ಷಿಸಿ ಸರಿ ಎಂದಿತ್ತು. ಸ್ವಿಫ್ಟ್ ಸ್ವಲ್ಪ ಜಾಸ್ತಿಯೇ ಹೇಳಿದ್ದ.)

1724ರಲ್ಲಿ ನಾಲ್ಕನೇ ಪತ್ರ ಬಂದಾಗ, ಬರೆದವನನ್ನು ತೋರಿಸಿದರೆ 300 ಪೌಂಡ್ ಬಹುಮಾನ ಎಂದು ಸಾರಿದರು. ಅದು ಯಾರೆಂದು ಊರಿಗೇ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಮರುವರ್ಷ ವುಡ್‌ನ ಹಕ್ಕು ರದ್ದಾಯಿತು.

ಹಾಗಾಗಿ ಹೇಡಿತನ ಎನ್ನಲು ನನಗೆ ಮನಸ್ಸಿಲ್ಲ. ಒಂದು ತಕರಾರು ಮಾತ್ರ ಇದೆ. ಈ ಪತ್ರಗಳಲ್ಲಿ ಬರೆದವನ ಹೆಸರು ಮುಚ್ಚಿಟ್ಟರೂ ಅಚ್ಚು ಹಾಕಿದವನ ಹೆಸರು ಹಾಳೆಯ ಮೇಲೇ ಇತ್ತು. ಸರ್ಕಾರದ ಕಾಟ, ಸೆರೆ ಎಲ್ಲ ಬಿದ್ದದ್ದು ಮುದ್ರಕ ಜಾನ್ ಹಾರ್ಡಿಂಗ್ ಮೇಲೆ. ಅವನು ಹೆಚ್ಚು ದಿನ ಬದುಕಲಿಲ್ಲ.

1729ರಲ್ಲಿ ಸ್ವಿಫ್ಟ್ ಇನ್ನೂ ಕಟುವಾದದ್ದು ಬರೆದ: ಬಡವರ ಕೂಸುಗಳನ್ನು ಸಾಹುಕಾರರ ಊಟಕ್ಕೆ ಮಾರಿ ಎಂಬ 'ವಿನಮ್ರ ಸಲಹೆ'. ಆಗಲೂ ಅವನ ಹೆಸರಿಲ್ಲ. ಅಚ್ಚು ಹಾಕಿದವರ ಹೆಸರಿದೆ: ಎಸ್. ಹಾರ್ಡಿಂಗ್. ಜಾನ್‌ನ ವಿಧವೆ, ಸಾರಾ.