ವಿಮಾನದ ಮಾತು ಕೇಳಲು ಕೈ ಸ್ಕ್ಯಾನರ್: ಕೊಳ್ಳುವ ಮುನ್ನ

ಸ್ಕ್ಯಾನರ್ ಎಂದರೆ ಚಾನೆಲ್‌ಗಳನ್ನು ಒಂದಾದ ಮೇಲೊಂದು ಹುಡುಕಿ ಕೇಳಿಸುವ ರೇಡಿಯೋ. ಅದರಲ್ಲಿ ಮೊದಲು ನೋಡಬೇಕಾದ್ದು ಎಎಂ (ಅಲೆಯ ಬಲ ಬದಲಿಸಿ ಧ್ವನಿ ಕಳಿಸುವ ವಿಧಾನ; ಎಫ್‌ಎಂನಲ್ಲಿ ಬದಲಾಗುವುದು ಆವರ್ತನ). ನಾಗರಿಕ ವಿಮಾನಗಳ ಮಾತು 118ರಿಂದ 137 ಮೆಗಾಹರ್ಟ್ಸ್ ನಡುವೆ, ಎಎಂನಲ್ಲೇ ನಡೆಯುತ್ತದೆ. ಇದರ ಲಾಭವೂ ಇದೆ: ಇಬ್ಬರು ಒಟ್ಟಿಗೆ ಮಾತಾಡಿದರೆ ಎಫ್‌ಎಂನಲ್ಲಿ ದುರ್ಬಲ ಸಂಕೇತ ಸದ್ದಿಲ್ಲದೆ ಮುಳುಗುತ್ತದೆ. ಎಎಂನಲ್ಲಿ ಕೀರಲು ಸದ್ದು ಬಂದು ವಿಮಾನ ಸಂಚಾರದ ಕಂಟ್ರೋಲರ್‌ಗೆ ಗೊತ್ತಾಗುತ್ತದೆ. ಆದ್ದರಿಂದ ಎಫ್‌ಎಂ ಮಾತ್ರ ಇರುವ ಅಗ್ಗದ ವಾಕಿಟಾಕಿ ಬೇಡ.

ಅಮೆರಿಕದಲ್ಲಿರುವವರಿಗೆ ಯೂನಿಡೆನ್ ಬಿಸಿ125ಎಟಿ ನನ್ನ ಆಯ್ಕೆ. 500 ಚಾನೆಲ್, ಎರಡು ಎಎ ಸೆಲ್, ಬಿಎನ್‌ಸಿ ಕನೆಕ್ಟರ್ (ಆಂಟೆನಾ ತಿರುಗಿಸಿ ಸಿಕ್ಕಿಸುವ ಜೋಡಣೆ). ಅದೇ ಕಂಪನಿಯ ಬಿಸಿ75ಎಕ್ಸ್‌ಎಲ್‌ಟಿಯಲ್ಲಿ ಇಲ್ಲದ 225–380 ಮೆಗಾಹರ್ಟ್ಸ್ ಸೇನಾ ಬ್ಯಾಂಡ್ ಕೂಡ ಇದರಲ್ಲಿದೆ. ಯುರೋಪಿನಲ್ಲಾದರೆ ಅಲ್ಲಿನ ಚಾನೆಲ್‌ಗಳ ನಡುವಿನ 8.33 ಕಿಲೋಹರ್ಟ್ಸ್ ಅಂತರಕ್ಕೆ ಹೊಂದುವ ಹೆಜ್ಜೆ ಇಲ್ಲದ ಹಳೆಯ ಸೆಟ್ಟನ್ನು ಮುಟ್ಟಲೇಬೇಡಿ.

ದುಡ್ಡು ಉಳಿದರೆ ಆಂಟೆನಾಗೆ ಹಾಕಿ. ಜೊತೆಗೆ ಬರುವ ರಬ್ಬರ್ ಆಂಟೆನಾ ಗಿಡ್ಡ. ಟೆಲಿಸ್ಕೋಪಿಕ್ ಕಡ್ಡಿಯನ್ನು ಸುಮಾರು 60 ಸೆಂಟಿಮೀಟರ್ ಎಳೆದರೆ 125 ಮೆಗಾಹರ್ಟ್ಸ್‌ಗೆ ಕಾಲು ತರಂಗಾಂತರ, ಅಂದರೆ ಅಲೆಯ ಉದ್ದದ ಕಾಲುಭಾಗ, ಸರಿಯಾದ ಅಳತೆ. ನೆಟ್ಟಗೆ ನಿಲ್ಲಿಸಿ, ಸಂಕೇತವೂ ಲಂಬವಾಗಿಯೇ ಬರುತ್ತದೆ.

ಪೈಲಟ್ ಮಾತ್ರ ಕೇಳಿಸಿ ನಿಲ್ದಾಣದ ಕಂಟ್ರೋಲ್ ಟವರ್ ಕೇಳಿಸದಿದ್ದರೆ ಸೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ವಿಎಚ್‌ಎಫ್ (ಈ ಮಾತು ನಡೆಯುವ ಆವರ್ತನ ವರ್ಗ) ನೇರ ದೃಷ್ಟಿಯ ದಾರಿ: ನಡುವೆ ಅಡ್ಡವಿರಬಾರದು. 35,000 ಅಡಿ ಮೇಲಿನ ವಿಮಾನ 300 ಕಿಲೋಮೀಟರ್ ದೂರದಿಂದಲೂ ಕೇಳಿಸೀತು, ಕಟ್ಟಡದ ಹಿಂದಿನ ಟವರ್ ಕೇಳಿಸದು. ಸ್ಕ್ಯಾನ್ ಒಂದೇ ಕಡೆ ನಿಂತುಬಿಟ್ಟರೆ ಅದು ಬಹುಶಃ ಎಟಿಐಎಸ್, ನಿಲ್ದಾಣದ ಹವಾಮಾನದ ನಿರಂತರ ಧ್ವನಿಮುದ್ರಿಕೆ: ಆ ಚಾನೆಲ್ ಬಿಟ್ಟು ಮುಂದೆ ಹೋಗುವಂತೆ ಲಾಕ್‌ಔಟ್ ಮಾಡಿ. ಎಫ್‌ಎಂ ಸ್ಟೇಷನ್ನಿನ ಹಾಡು ನುಗ್ಗಿದರೆ 88–108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಬೇಕು. ಸ್ಕ್ವೆಲ್ಚ್ (ಸಂಕೇತವಿಲ್ಲದಾಗ ಸದ್ದು ಅಡಗಿಸುವ ನಿಯಂತ್ರಣ) ಅನ್ನು ಕೊರಕೊರ ನಿಲ್ಲುವಷ್ಟೇ ತಿರುಗಿಸಿ. ಹೆಚ್ಚಾದರೆ ದೂರದ ವಿಮಾನಗಳು ಮಾಯ.

ಭಾರತಕ್ಕೆ ತರುವ ಯೋಚನೆಯಿದ್ದರೆ ಮೊದಲು ಪರವಾನಗಿಯ ನಿಯಮ ನೋಡಿಕೊಳ್ಳಿ.