ಜಿಪ್ ಬಿಚ್ಚಿದ ಭಾನುವಾರ

ಹಳೆಯ ಸ್ಲೀಪಿಂಗ್ ಬ್ಯಾಗನ್ನು ಅದರ ಅದುಮುಚೀಲದ ಸಮೇತ ತೂಕಕ್ಕೆ ಹಾಕಿದಾಗ ಮುಳ್ಳು 1520 ಗ್ರಾಂನಲ್ಲಿ ನಿಂತಿತು. ಅದುಮುಚೀಲ ಒಂದೇ 180 ಗ್ರಾಂ: ದಪ್ಪ ಬಟ್ಟೆ, ನಾಲ್ಕು ಪಟ್ಟಿ, ನಾಲ್ಕು ಬಕಲ್. ಅದನ್ನು ಬದಿಗಿಟ್ಟು 40 ಗ್ರಾಂನ ತೆಳು ನೈಲಾನ್ ಚೀಲ ಇಟ್ಟುಕೊಂಡರೆ ಕತ್ತರಿ ಮುಟ್ಟುವ ಮೊದಲೇ 140 ಗ್ರಾಂ ಕಳೆಯಿತು. ಇಡೀ ದಿನದಲ್ಲಿ ಇಷ್ಟು ಸಲೀಸಾಗಿ ಇಳಿದ ತೂಕ ಬೇರೆ ಇಲ್ಲ.

ಬಾತುಕೋಳಿಯ ನಯವಾದ ಒಳಗರಿ, ಅಂದರೆ ಡೌನ್ ತುಂಬಿದ ಮಮ್ಮಿ ಆಕಾರದ ಚೀಲ ಇದು. ಸುತ್ತಳತೆ ಭುಜದ ಬಳಿ 155 ಸೆಂ.ಮೀ., ಕಾಲ್ತುದಿಯಲ್ಲಿ 100. ಎಡಪಕ್ಕದಲ್ಲಿ ಉದ್ದಕ್ಕೂ ಜಿಪ್. ಇದನ್ನು ಕಾಲ್ತುದಿಯಷ್ಟೇ ಮುಚ್ಚಿದ, ಬೆನ್ನಡಿ ತೆರೆದ ಕ್ವಿಲ್ಟ್ ಮಾಡುವುದು ಆ ಭಾನುವಾರದ ಕೆಲಸ. ಡೌನ್ ಬೆಚ್ಚಗಿಡುವುದು ತಾನು ಹಿಡಿದಿಟ್ಟ ಗಾಳಿಯಿಂದ. ಮೈಭಾರಕ್ಕೆ ಚಪ್ಪಟೆಯಾದ ಕಡೆ ಗಾಳಿ ಉಳಿಯುವುದಿಲ್ಲ, ಹಾಗಾಗಿ ಬೆನ್ನಡಿಯ ಡೌನ್ ಹೆಚ್ಚುಕಡಿಮೆ ದಂಡ. ನೆಲದ ಚಳಿ ತಡೆಯುವುದು ಮ್ಯಾಟ್. ಅಮೆರಿಕದ ರೇ ಜಾರ್ಡಿನ್ 1990ರ ದಶಕದಲ್ಲಿ ಮನೆಯಲ್ಲೇ ಹೊಲಿದ ಕ್ವಿಲ್ಟ್ ಹೊದ್ದು ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಬಹುದೂರದ ಕಾಲ್ದಾರಿ ನಡೆದದ್ದು ಇದೇ ಲೆಕ್ಕದ ಮೇಲೆ.

ಆದರೆ ಕತ್ತರಿಸುವ ಮುನ್ನ ಒಂದು ರಾತ್ರಿ ಜಿಪ್ ಪೂರ್ತಿ ತೆರೆದು, ಚೀಲವನ್ನು ದುಪ್ಪಟಿಯಂತೆ ಹೊದ್ದು ತಾರಸಿಯ ಮೇಲೆ ಮಲಗಿ ನೋಡಬೇಕು. ಮಗ್ಗುಲು ಬದಲಿಸುತ್ತಲೇ ಇರುವವರಿಗೆ, ಮಂಡಿ ಮಡಚಿ ಮಲಗುವವರಿಗೆ ಹೆಚ್ಚು ಅಗಲ ಬೇಕಾಗುತ್ತದೆ. ಅದು ಗೊತ್ತಾಗುವುದು ಅಳತೆಪಟ್ಟಿಯಿಂದಲ್ಲ, ಆ ರಾತ್ರಿ ಬೆನ್ನಿಗೆ ತಾಗುವ ಗಾಳಿಯಿಂದ. ಸುಮಾರು 170 ಸೆಂ.ಮೀ. ಎತ್ತರದ, ಸಾಧಾರಣ ಮೈಕಟ್ಟಿನವರಿಗೆ ಭುಜದ ಬಳಿ 135 ಸೆಂ.ಮೀ. ಸಾಕು. ಅಂದರೆ ಇದರಲ್ಲಿ 20 ತೆಗೆಯಬಹುದು.

ಒಗೆಯುವುದಿದ್ದರೆ ಮೊದಲೇ ಒಗೆಯಬೇಕು. ಬೆವರಿನ ಜಿಡ್ಡು ಹತ್ತಿದ ಡೌನ್ ಗಂಟುಕಟ್ಟಿಕೊಂಡು ಸರಿಯಾಗಿ ಉಬ್ಬುವುದಿಲ್ಲ. ಆ ಸ್ಥಿತಿಯಲ್ಲಿ ಡೌನ್ ತುಂಬಿಟ್ಟ ಖಾನೆಗಳಲ್ಲಿ ಯಾವುದು ಬಡಕಲು, ಯಾವುದು ತುಂಬಿದೆ ಎಂದು ಹೇಳಲಾಗದು. ಸೌಮ್ಯ ಸೋಪಿನಲ್ಲಿ ಒಗೆದು, ಹಿಂಡದೆ ಒತ್ತಿ ನೀರಿಳಿಸಿ, ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಎರಡು ಟೆನಿಸ್ ಚೆಂಡಿನ ಜೊತೆ ತಿರುಗಿಸಬೇಕು. ಇಲ್ಲದಿದ್ದರೆ ನೆರಳಲ್ಲಿ ಹರಡಿ, ಗಂಟೆಗೊಮ್ಮೆ ಗಂಟು ಬಿಡಿಸುತ್ತ ಎರಡು ಮೂರು ದಿನ. ಮಳೆಗಾಲದಲ್ಲಿ ಇದಕ್ಕೆ ಕೈಹಾಕಿದರೆ ಮುಗ್ಗಲು ವಾಸನೆ ಗ್ಯಾರಂಟಿ. ಒಣಗಿದ ಮೇಲೆ ಒಳಗೆ ಟಾರ್ಚ್ ಹಿಡಿದು ಹೊರಗಿನಿಂದ ನೋಡಿದರೆ ಬೆಳಕು ತೂರಿಬರುವ ಖಾನೆಗಳೇ ಬಡಕಲು ಖಾನೆಗಳು. ಅವಕ್ಕೆ ಚಾಕ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಬೇಕು.

ಇನ್ನು ಕತ್ತರಿ ಎಲ್ಲಿ ಆಡಬೇಕು ಎಂಬ ಪ್ರಶ್ನೆ. ಜಿಪ್ ಇರುವುದು ಪಕ್ಕದಲ್ಲಿ, ತೆರೆದಿರಬೇಕಾದದ್ದು ಬೆನ್ನಡಿ. ಕಾಲ್ತುದಿ ದುಂಡಗಿದ್ದರೆ ಇಡೀ ಚೀಲವನ್ನೇ ತಿರುಗಿಸಿ ಜಿಪ್ಪಿನ ಬದಿಯನ್ನು ಬೆನ್ನಡಿಗೆ ತಂದುಕೊಳ್ಳಬಹುದು. ಇದರದ್ದು ದುಂಡಗಿತ್ತು, ಅರ್ಧ ಕೆಲಸ ತಪ್ಪಿತು. ಕಾಲ್ಬೆರಳಿಗಾಗಿ ಎತ್ತರಿಸಿ ಹೊಲಿದ ಚಪ್ಪಟೆ ಕಾಲ್ತುದಿಯಾದರೆ ಹಾಗೆ ತಿರುಗಿಸುವಂತಿಲ್ಲ. ಬೆರಳು ಡೌನನ್ನು ಒಳಗಿನಿಂದ ಒತ್ತಿ ರಾತ್ರಿಯಿಡೀ ತಣ್ಣಗಾಗುತ್ತದೆ. ಅಂಥದ್ದರಲ್ಲಿ ಜಿಪ್ಪಿನ ಬದಿಯನ್ನು ಹೊಲಿದು ಮುಚ್ಚಿ, ಬೆನ್ನ ನಡುವೆ ಹೊಸದಾಗಿ ಸೀಳಬೇಕು.

ಡೌನ್ ಕೆಲಸಕ್ಕೆ ಇರುವ ನಿಯಮ ಒಂದೇ: ಮೊದಲು ಹೊಲಿಗೆ, ಆಮೇಲೆ ಕತ್ತರಿ. ಬಹಳಷ್ಟು ಚೀಲಗಳಲ್ಲಿ ಜಿಪ್ಪಿನ ಪಟ್ಟಿ ಹೊರಬಟ್ಟೆಗೂ ಒಳಬಟ್ಟೆಗೂ ನಡುವೆ ಸಿಕ್ಕಿಸಿ ಹೊಲಿದಿರುತ್ತದೆ. ಆ ಹೊಲಿಗೆ ಬಿಚ್ಚಿದಿರೋ, ಖಾನೆಗಳ ಬಾಯೆಲ್ಲ ಒಮ್ಮೆಗೇ ತೆರೆದುಕೊಳ್ಳುತ್ತವೆ. ಆದ್ದರಿಂದ ಜಿಪ್ಪಿನ ಪಟ್ಟಿಯಿಂದ ಅರ್ಧ ಸೆಂ.ಮೀ. ಒಳಗೆ ಉದ್ದಕ್ಕೂ ಒಂದು ಹೊಲಿಗೆ ಹಾಕಿ, ಅದರ ಹೊರಗೆ ಕತ್ತರಿಸಿ ಜಿಪ್ ತೆಗೆಯಬೇಕು. ಕೆಳಗಿನ 55 ಸೆಂ.ಮೀ. ಕಾಲುಚೀಲವಾಗಿ ಉಳಿಯುವ ಭಾಗ. ಅಲ್ಲಿ ಜಿಪ್ ಕತ್ತರಿಸಿದ ಮೇಲೆ ಎರಡೂ ಅಂಚು ಜೋಡಿಸಿ ಎರಡು ಸಾಲು ಹೊಲಿದದ್ದಾಯಿತು. ಜಿಪ್ 150 ಗ್ರಾಂ. ಜಿಪ್ಪಿನ ಹಿಂದೆ ಗಾಳಿ ತಡೆಯಲು ಇದ್ದ ಡೌನ್ ಕೊಳವೆ 85. ಜಿಪ್ಪೇ ಇಲ್ಲದ ಮೇಲೆ ಅದಕ್ಕೇನು ಕೆಲಸ.

ಅಗಲ ಕಡಿಮೆ ಮಾಡುವ ಪಟ್ಟಿಯನ್ನು ಒಂದೇ ಬದಿಯಿಂದ ತೆಗೆಯುವುದು ಜಾಣತನ, ಉದ್ದನೆಯ ಕತ್ತರಿಕೆ ಒಂದೇ ಆಗುತ್ತದೆ. ಭುಜದ ಬಳಿ 20, ಕಾಲುಚೀಲ ಶುರುವಾಗುವಲ್ಲಿ 8 ಸೆಂ.ಮೀ. ಬರುವಂತೆ ಓರೆಗೆರೆ ಎಳೆದು, ಗೆರೆಯ ಕೆಳಗಿನ ಡೌನನ್ನು ಅಂಗೈಯಂಚಿನಿಂದ ಎರಡೂ ಕಡೆ ಸರಿಸಿ, ಒಂದು ಸೆಂ.ಮೀ. ಅಂತರದಲ್ಲಿ ಎರಡು ಸಾಲು ಹೊಲಿದು, ನಡುವೆ ಕತ್ತರಿಸುವುದು. ಖಾನೆಗಳ ನಡುವಿನ ಬಲೆಗೋಡೆ ಸಿಕ್ಕಲ್ಲೆಲ್ಲ ಮೆಷಿನ್ ನಿಲ್ಲಿಸಿ ಆ ಬಲೆಯನ್ನು ಒಂದು ದಿಕ್ಕಿಗೆ ಮಡಚಿಕೊಳ್ಳಬೇಕು. ಅವಸರ ಮಾಡಿದರೆ ಅಲ್ಲೇ ಬಟ್ಟೆ ಸುಕ್ಕು ಹಿಡಿಯುತ್ತದೆ.

ಸೂಜಿ 11ನೇ ನಂಬರಿನದ್ದು, ಹೊಸದು. ರವಿಕೆ, ಪ್ಯಾಂಟು ಹೊಲಿದು ಮೊಂಡಾದ 16ನೇ ನಂಬರು ಪ್ರತಿ ಚುಚ್ಚಿಗೂ ಡೌನ್ ಹೊರಬರುವಷ್ಟು ತೂತು ಬಿಡುತ್ತದೆ. ದಾರ ಪಾಲಿಯೆಸ್ಟರ್. ಹೊಲಿಗೆಯ ಉದ್ದ 3 ಮಿ.ಮೀ. ಗಟ್ಟಿಯಾಗಲಿ ಎಂದು ಇನ್ನೂ ಚಿಕ್ಕದಾಗಿ ಹೊಲಿದರೆ ತೆಳು ನೈಲಾನ್ ಅಂಚೆಚೀಟಿಯ ಅಂಚಿನಂತೆ ತೂತಿನ ಸಾಲಿನುದ್ದಕ್ಕೂ ಹರಿಯುತ್ತದೆ. ಗುಂಡುಪಿನ್ನಿನ ಬದಲು ಬಟ್ಟೆ ಒಣಹಾಕುವ ಕ್ಲಿಪ್. ಮೆಷಿನ್ನಿನ ಹಲ್ಲು ಬಟ್ಟೆಯನ್ನು ಒಳಕ್ಕೆ ಎಳೆದುಕೊಂಡರೆ ಕೆಳಗೆ ಪತ್ರಿಕೆಯ ಹಾಳೆಯೊಂದನ್ನು ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬಹುದು. ನಡುನಡುವೆ ಬಾಬಿನ್ ಗೂಡು ತೆರೆದು ಗರಿ ಗುಡಿಸದಿದ್ದರೆ ದಾರ ಗೋಜಲಾಗುವುದು ಖಂಡಿತ.

ಇಲ್ಲೊಂದು ಮಾತು. ಕೌದಿ ಹೊಲಿದು ಕೈ ಪಳಗಿದವರಿಗೆ ಉದ್ದಕ್ಕೂ ಆರಪಾರು ಹೊಲಿಗೆ ಹಾಕುವ ಆಸೆ ಸಹಜ. ಕೌದಿಯಲ್ಲಿ ಆ ಹೊಲಿಗೆಯೇ ಜೀವ, ಹತ್ತಾರು ಹಳೆಯ ಬಟ್ಟೆಗಳನ್ನು ಒಂದಾಗಿಸುವುದು ಅದೇ. ಡೌನಿನಲ್ಲಿ ಅದೇ ಹೊಲಿಗೆ ಚಳಿಗೆರೆ: ಮೇಲಿನ ಬಟ್ಟೆ ಕೆಳಗಿನದಕ್ಕೆ ಅಂಟಿದಲ್ಲಿ ದಪ್ಪ ಸೊನ್ನೆ. ಅಂಚು ಬಿಟ್ಟು ಒಳಗೆಲ್ಲೂ ಸೂಜಿ ಇಳಿಸಬಾರದು.

ಚೀಲದ ತಲೆಭಾಗದ ಟೋಪಿ ಕತ್ತರಿಸಿದಾಗ 130 ಗ್ರಾಂ, ಬದಿಯ ಪಟ್ಟಿಯಿಂದ 80. ತೆಗೆದ ತುಂಡುಗಳಲ್ಲಿದ್ದ ಡೌನನ್ನು ಎಸೆಯುವುದು ದುಂದು. ಈ ಕೆಲಸ ಬಚ್ಚಲುಮನೆಯಲ್ಲಿ. ಗೋಡೆ, ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ತುಂಡನ್ನು ದೊಡ್ಡ ಪ್ಲಾಸ್ಟಿಕ್ ಕವರಿನೊಳಗೇ ಸೀಳಿ ಡೌನ್ ಬಿಡಿಸುವುದು. ನೀರು ಹೋಗುವ ಜಾಲರಿಗೆ ಬಟ್ಟೆ ತುರುಕಿಡಬೇಕು, ಇಲ್ಲದಿದ್ದರೆ ಪೈಪು ಕಟ್ಟಿಕೊಳ್ಳುತ್ತದೆ. 105 ಗ್ರಾಂ ಇರಬೇಕಿತ್ತು, ಕೈಗೆ ಸಿಕ್ಕಿದ್ದು 90.

ಎಷ್ಟು ತುಂಬಬೇಕು? ಡೌನ್ ಎಷ್ಟು ಉಬ್ಬುತ್ತದೆ ಎಂಬುದರ ಅಳತೆ ಫಿಲ್ ಪವರ್. 600 ಫಿಲ್ ಪವರಿನ ಒಂದು ಗ್ರಾಂ ಡೌನ್ ಸುಮಾರು 350 ಘನ ಸೆಂ.ಮೀ. ಜಾಗಕ್ಕೆ ಉಬ್ಬುತ್ತದೆ. 135 ಉದ್ದ, 15 ಅಗಲ, 5 ದಪ್ಪದ ಖಾನೆಗೆ 10,125 ಘನ ಸೆಂ.ಮೀ., ಅಂದರೆ 29 ಗ್ರಾಂ. ಹಳೆಯ ಡೌನ್ ಬಲ ಕಳೆದುಕೊಂಡಿರುವುದರಿಂದ ಮೂರನೇ ಒಂದು ಭಾಗ ಹೆಚ್ಚಿಗೆ ತುಂಬಿದರೆ ತಪ್ಪಿಲ್ಲ. ಕಾಲುಚೀಲದ ಮೇಲಿನ ಒಂಬತ್ತು ಖಾನೆಗೆ ತಲಾ 10 ಗ್ರಾಂ ಲೆಕ್ಕ, ಗುರುತು ಹಾಕಿದ್ದ ಬಡಕಲು ಖಾನೆಗಳಿಗೆ ಒಂದೆರಡು ಗ್ರಾಂ ಮೇಲೆ, ತುಂಬಿದವಕ್ಕೆ ಅಷ್ಟೇ ಕಡಿಮೆ. ಖಾನೆಯ ಅಂಚಿನಲ್ಲಿ 6 ಸೆಂ.ಮೀ. ಹೊಲಿಗೆ ಬಿಚ್ಚಿ, ಗಿಡ್ಡ ಪಿವಿಸಿ ಪೈಪಿನ ಮೂಲಕ ಕೋಲಿನಿಂದ ತಳ್ಳಿ, ಕೈಹೊಲಿಗೆಯಲ್ಲಿ ಮುಚ್ಚಬೇಕು. ಒಂದು ಖಾನೆ ಮುಚ್ಚದೆ ಇನ್ನೊಂದನ್ನು ಬಿಚ್ಚಬಾರದು. ಒಂಬತ್ತಕ್ಕೆ ಮೂರು ಗಂಟೆ ಹಿಡಿಯಿತು.

ಕೊನೆಗೆ ಅಂಚಿಗೆಲ್ಲ ನೈಲಾನ್ ಪಟ್ಟಿ ಮಡಚಿ ಹೊಲಿದು, ಕುತ್ತಿಗೆಯ ಬಳಿ ಲಾಡಿ ಸೇರಿಸಲು ಮಡಿಕೆ ಬಿಟ್ಟು, ಹಳೆಯ ಟೋಪಿಯ ದಾರ, ಬಿರಡೆಗಳನ್ನೇ ಅದಕ್ಕೆ ಬಳಸಿದ್ದು. ಎದೆಯ ಮಟ್ಟದಲ್ಲಿ ಒಂದು, ಸೊಂಟದ ಮಟ್ಟದಲ್ಲಿ ಒಂದು ಎಲಾಸ್ಟಿಕ್ ಪಟ್ಟಿ ಮ್ಯಾಟಿನ ಅಡಿಯಿಂದ ಸುತ್ತಿ ಬರುತ್ತವೆ. ಇವಿಲ್ಲದಿದ್ದರೆ ಮಗ್ಗುಲಾದಾಗಲೆಲ್ಲ ಅಂಚು ಎದ್ದು ಗಾಳಿ ನುಗ್ಗುತ್ತದೆ. ಪಟ್ಟಿಗಳ ತುದಿಯನ್ನು ಮೇಣದಬತ್ತಿಯಲ್ಲಿ ಕರಗಿಸಿ ಮುಚ್ಚುವುದಾದರೆ ಬೇರೆ ಕೋಣೆಯಲ್ಲಿ. ಇವೆಲ್ಲ ಸೇರಿ 60 ಗ್ರಾಂ.

ಸಂಜೆ ತೂಕ: ಕ್ವಿಲ್ಟ್ 1045, ಚೀಲ 40. ಬೆಳಗಿನದಕ್ಕಿಂತ 435 ಗ್ರಾಂ ಕಡಿಮೆ.

ಚೀಲದ ಮೇಲೆ ಅಚ್ಚಾಗಿರುವ ಉಷ್ಣತೆಯ ಅಂಕಿ ಇನ್ನು ಲೆಕ್ಕಕ್ಕಿಲ್ಲ, ಅದು ಜಿಪ್ಪೂ ಟೋಪಿಯೂ ಇದ್ದ ಚೀಲದ್ದು. ತಲೆಗೆ ಉಣ್ಣೆಯ ಟೋಪಿ ಬೇಕೇ ಬೇಕು. ಫೋಮ್ ಮ್ಯಾಟ್ ಒಂದರ ಆರ್ ಮೌಲ್ಯ, ಅಂದರೆ ಚಳಿ ತಡೆಯುವ ಶಕ್ತಿಯ ಅಳತೆ, ಸಾಮಾನ್ಯವಾಗಿ 2ರ ಆಸುಪಾಸು. ಒಂದರ ಮೇಲೊಂದು ಹಾಸಿದರೆ ಮೌಲ್ಯಗಳು ಕೂಡುತ್ತವೆ. ಪಶ್ಚಿಮ ಬಂಗಾಳ-ನೇಪಾಳ ಗಡಿಯ, 3636 ಮೀಟರ್ ಎತ್ತರದ ಸಂದಕ್‌ಫೂವಿನಂಥ ಕಡೆ ಚಳಿಗಾಲದಲ್ಲಿ ಒಂದೇ ಮ್ಯಾಟ್ ನಂಬಿ ಮಲಗಿದರೆ ಕ್ವಿಲ್ಟ್ ಎಷ್ಟು ಉಬ್ಬಿದ್ದರೂ ಬೆನ್ನು ಕೊರೆಯುತ್ತದೆ. ಮಲೆನಾಡಿನ ತೇವದ ರಾತ್ರಿಗಳಿಗೆ ಡೌನ್‌ಗಿಂತ ಸಿಂಥೆಟಿಕ್ ಚೀಲವೇ ವಾಸಿ. ಅದರ ಪರಿವರ್ತನೆಯೂ ಸುಲಭ: ಒಳಗಿರುವುದು ಹಾಳೆಯಾದ್ದರಿಂದ ಏನೂ ಹಾರುವುದಿಲ್ಲ, ಕತ್ತರಿಸಿ ಅಂಚು ಕಟ್ಟಿದರೆ ಮುಗಿಯಿತು.

ಮೊದಲ ಕೆಲವು ವಾರ ಹೊಲಿಗೆಯ ತೂತಿನಿಂದ ಒಂದೆರಡು ಗರಿ ಇಣುಕುತ್ತವೆ. ಗರಿಯ ಕಡ್ಡಿ ಹಿಡಿದು ಹೊರಗೆಳೆದರೆ ತೂತು ದೊಡ್ಡದಾಗಿ ಹಿಂದೆಯೇ ಇನ್ನೊಂದು ಬರುತ್ತದೆ. ಬಟ್ಟೆಯ ಇನ್ನೊಂದು ಬದಿಯಿಂದ ಚಿವುಟಿ ಹಿಡಿದು ಗರಿಯನ್ನು ಒಳಕ್ಕೇ ಎಳೆದುಕೊಂಡು, ತೂತಿನ ಮೇಲೆ ಉಗುರಿನಿಂದ ಉಜ್ಜಬೇಕು.